ಕೆಟಲ್ ಕಥೆಯ ಆಚೆಗಿನ ಜೇಮ್ಸ್ ವಾಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಉಗಿ ಎಂಜಿನ್ ಮತ್ತು ಅದನ್ನು ನಿಜವಾಗಿ ದುಡಿಯುವ ಯಂತ್ರವಾಗಿಸಿದ ಜೇಮ್ಸ್ ವಾಟ್ ಬಗ್ಗೆ ಬೆಂಗಳೂರಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಂದಾಗಿ ಸೇರಿಸಿದ್ದೇವೆ.

ಪ್ರಶ್ನೆ: ಕೆಟಲ್ ಮುಚ್ಚಳ ಕುಣಿಯುವುದನ್ನು ನೋಡಿ ಬಾಲಕ ವಾಟ್‌ಗೆ ಉಗಿ ಎಂಜಿನ್ ಹೊಳೆಯಿತು ಎಂದು ನಾವು ಓದಿದ್ದೆವು. ಈಗ ತರಗತಿಯಲ್ಲಿ ಮಕ್ಕಳಿಗೂ ಅದನ್ನೇ ಹೇಳುತ್ತಿದ್ದೇವೆ. ಹೇಳಬಹುದೇ? (ಶಾಲಾ ಶಿಕ್ಷಕಿ, ಬಸವನಗುಡಿ)

ಉತ್ತರ: ಹೇಳದಿರುವುದೇ ಒಳ್ಳೆಯದು. ವಾಟ್ ಹುಟ್ಟಿದ್ದು 1736ರ ಜನವರಿಯಲ್ಲಿ, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರಿನಲ್ಲಿ. ಥಾಮಸ್ ನ್ಯೂಕಮೆನ್‌ನ ಎಂಜಿನ್ 1712ರಲ್ಲೇ ಇಂಗ್ಲೆಂಡಿನ ಡಡ್ಲಿ ಬಳಿಯ ಕಲ್ಲಿದ್ದಲು ಗಣಿಯಲ್ಲಿ ನೀರೆತ್ತಲು ಶುರು ಮಾಡಿತ್ತು. 21 ಇಂಚು ವ್ಯಾಸದ ಸಿಲಿಂಡರ್, ನಿಮಿಷಕ್ಕೆ ಪಿಸ್ಟನ್ನಿನ 12 ಹೊಡೆತ (ಏರಿಳಿತ), ಒಂದೊಂದು ಹೊಡೆತಕ್ಕೆ 10 ಗ್ಯಾಲನ್ ನೀರು, 153 ಅಡಿ ಆಳದಿಂದ. ಇಂದಿನ ಲೆಕ್ಕದಲ್ಲಿ ಸುಮಾರು ಐದೂವರೆ ಎಚ್‌ಪಿ (ಅಶ್ವಶಕ್ತಿ). ವಾಟ್ ತೊಟ್ಟಿಲಲ್ಲಿದ್ದಾಗ ಆ ಯಂತ್ರಕ್ಕೆ 24 ವರ್ಷ.

ಆ ಕಥೆಯಿಂದ ಇನ್ನೂ ದೊಡ್ಡ ತೊಂದರೆಯಿದೆ. ಹಬೆ ತಳ್ಳುತ್ತದೆ, ಅದರಿಂದ ಎಂಜಿನ್ ಓಡುತ್ತದೆ ಎಂಬ ಚಿತ್ರವನ್ನು ಅದು ಮಕ್ಕಳ ತಲೆಯಲ್ಲಿ ಕೂರಿಸುತ್ತದೆ. ನ್ಯೂಕಮೆನ್ ಎಂಜಿನ್ನಿನಲ್ಲಿ ಹಬೆ ತಳ್ಳುವುದೇ ಇಲ್ಲ. ಮೇಲುಗಡೆ ತೆರೆದ ಸಿಲಿಂಡರ್. ಪಿಸ್ಟನ್ ಮೇಲೇರಿದಾಗ ಕೆಳಗಿನ ಜಾಗವನ್ನು ಹಬೆ ತುಂಬಿಕೊಳ್ಳುತ್ತದೆ. ಆಮೇಲೆ ಸಿಲಿಂಡರಿನೊಳಕ್ಕೆ ತಣ್ಣೀರು ಚಿಮ್ಮಿಸುತ್ತಾರೆ. ಹಬೆ ನೀರಾಗಿ ಕುಗ್ಗುತ್ತದೆ, ಒಳಗೆ ಬರಿದಾಗುತ್ತದೆ, ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ಅದುಮುತ್ತದೆ. ದುಡಿಯುವುದು ವಾತಾವರಣ, ಹಬೆಯ ಕೆಲಸ ಜಾಗ ಖಾಲಿ ಮಾಡಿಕೊಡುವುದಷ್ಟೆ.

ವಾಟ್ ಕಸುಬಿನಿಂದ ಉಪಕರಣ ತಯಾರಕ. 1755ರಲ್ಲಿ ಲಂಡನ್ನಿನಲ್ಲಿ ಒಂದು ವರ್ಷ ಕೆಲಸ ಕಲಿತ, 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಆವರಣದಲ್ಲಿ ತನ್ನದೇ ಕಾರ್ಯಾಗಾರ ತೆರೆದ. 1763–64ರ ಚಳಿಗಾಲದಲ್ಲಿ ಪಾಠಕ್ಕೆ ಬಳಸುತ್ತಿದ್ದ ನ್ಯೂಕಮೆನ್ ಎಂಜಿನ್ನಿನ ಮಾದರಿಯೊಂದು ಅವನ ಬಳಿಗೆ ರಿಪೇರಿಗೆ ಬಂತು: 2 ಇಂಚು ವ್ಯಾಸದ ಸಿಲಿಂಡರ್, 6 ಇಂಚು ಓಟ. ಸರಿಪಡಿಸಿದ ಮೇಲೂ ನಾಲ್ಕಾರು ಹೊಡೆತ ಹೊಡೆದು ನಿಂತುಬಿಡುತ್ತಿತ್ತು, ಬಾಯ್ಲರ್ ಎಷ್ಟು ಹಬೆ ಕೊಟ್ಟರೂ ಸಾಲದು. ಬೇರೆಯವರಾಗಿದ್ದರೆ ಆಟಿಕೆ ಅಷ್ಟೇ ಎಂದು ಕೈತೊಳೆದುಕೊಳ್ಳುತ್ತಿದ್ದರು. ವಾಟ್ ಲೆಕ್ಕಕ್ಕೆ ಕೂತ.

ಆ ಲೆಕ್ಕವನ್ನು ಬೋರ್ಡಿನ ಮೇಲೆ ನೀವೇ ಮಾಡಿಸಬಹುದು. ಸಿಲಿಂಡರಿನ ಪಕ್ಕದ ಗೋಡೆಯ ವಿಸ್ತೀರ್ಣವನ್ನು ಒಳಗಿನ ಘನಗಾತ್ರದಿಂದ ಭಾಗಿಸಿದರೆ 4 ಭಾಗಿಸು ವ್ಯಾಸ ಎಂದು ಬರುತ್ತದೆ. 2 ಇಂಚಿನ ಮಾದರಿಗೆ 2. 21 ಇಂಚಿನ ಎಂಜಿನ್ನಿಗೆ 0.19. ಅಂದರೆ ಅಷ್ಟೇ ಹಬೆಗೆ ಮಾದರಿಯಲ್ಲಿ ಹತ್ತು ಪಟ್ಟು ಹೆಚ್ಚು ಗೋಡೆ. ಪ್ರತಿ ಹೊಡೆತಕ್ಕೂ ಆ ಗೋಡೆಯನ್ನು ತಣ್ಣೀರಿನಿಂದ ತಣಿಸಿ ಮತ್ತೆ ಹಬೆಯಿಂದ ಕಾಯಿಸಬೇಕು. ಹಬೆಯ ಬಹುಪಾಲು ಹೋಗುತ್ತಿದ್ದುದು ಪಿಸ್ಟನ್ ಎತ್ತುವುದಕ್ಕಲ್ಲ, ಲೋಹ ಬಿಸಿ ಮಾಡುವುದಕ್ಕೆ. ದೊಡ್ಡ ಎಂಜಿನ್ನಿನಲ್ಲೂ ಈ ಸೋರಿಕೆ ಇತ್ತು, ಗಣಿಯ ಬಾಯಲ್ಲೇ ಕಲ್ಲಿದ್ದಲು ಅಗ್ಗವಾಗಿ ಸಿಗುತ್ತಿದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ವಾಟ್ ಕೆಟಲ್ ಮುಂದೆ ಕೂತದ್ದೂ ಉಂಟು, ಆದರೆ ಬಾಲಕನಾಗಿ ಅಲ್ಲ. ದೊಡ್ಡವನಾದ ಮೇಲೆ ಹಬೆಯನ್ನು ಅಳೆಯಲು. ಒಂದು ಪಾಲು ಹಬೆ ತನ್ನ ಆರು ಪಟ್ಟು ತೂಕದ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು ಎಂದು ಕಂಡುಕೊಂಡು ಬೆರಗಾದ. ಅದೇ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಅದಕ್ಕೆ ಗುಪ್ತೋಷ್ಣ (ನೀರು ಹಬೆಯಾಗುವಾಗ ಅಡಗಿ, ಹಬೆ ಮತ್ತೆ ನೀರಾದಾಗ ಹೊರಬರುವ ಶಾಖ) ಎಂಬ ವಿವರಣೆ ಕೊಟ್ಟರು. ಮಕ್ಕಳಿಗೆ ಈ ಕಥೆ ಹೇಳಿ. ಕುಣಿಯುವ ಮುಚ್ಚಳಕ್ಕಿಂತ ಇದರಲ್ಲಿ ಹುರುಪು ಹೆಚ್ಚು.

ಪ್ರಶ್ನೆ: ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರನ್ನು ಸಿಲಿಂಡರಿನಿಂದ ಬೇರೆ ಇಡಬೇಕೆಂಬ ಯೋಚನೆ 1765ರಲ್ಲೇ ಬಂದಿದ್ದರೆ ಮೊದಲ ಎಂಜಿನ್ ಓಡಲು 1776ರವರೆಗೆ ಯಾಕೆ ಕಾಯಬೇಕಾಯಿತು? (ಮೆಷಿನ್ ಶಾಪ್ ನಡೆಸುವವರು, ಪೀಣ್ಯ)

ಉತ್ತರ: ನಿಮ್ಮ ಕಸುಬಿನವರು ಇಲ್ಲದ್ದರಿಂದ ಎಂದರೆ ಅರ್ಧ ಉತ್ತರ ಹೇಳಿದಂತೆ.

ಯೋಚನೆ ಸರಳ. 1765ರ ಮೇ ತಿಂಗಳ ಒಂದು ಭಾನುವಾರ ಗ್ಲಾಸ್ಗೋದ ಹುಲ್ಲುಗಾವಲಿನಲ್ಲಿ ನಡೆಯುತ್ತಿದ್ದಾಗ ಹೊಳೆದದ್ದು ಇಷ್ಟು: ಹಬೆ ಬರಿದಾದ ಜಾಗಕ್ಕೆ ತಾನೇ ನುಗ್ಗುತ್ತದೆ, ಹಾಗಿದ್ದರೆ ಪಕ್ಕದಲ್ಲಿ ಸದಾ ತಣ್ಣಗಿರುವ ಇನ್ನೊಂದು ಪಾತ್ರೆ ಇಟ್ಟು, ಹಬೆಯನ್ನು ಅಲ್ಲಿಗೆ ಬಿಟ್ಟು ನೀರಾಗಿಸಿದರೆ ಸಿಲಿಂಡರ್ ಸದಾ ಬಿಸಿಯಾಗಿಯೇ ಇರುತ್ತದೆ. ಮೊದಲ ಪ್ರಯೋಗಕ್ಕೆ ಬಳಸಿದ್ದು 1.75 ಇಂಚು ವ್ಯಾಸ, 10 ಇಂಚು ಉದ್ದದ ಹಿತ್ತಾಳೆ ಸಿರಿಂಜ್. ಅದು ಸುಮಾರು 18 ಪೌಂಡ್ ತೂಕ ಎತ್ತಿತು. ಅಂಗೈಯಗಲದ ಮಾದರಿ ಓಡಿತು, ಗಣಿಗೆ ಬೇಕಾದ ಗಾತ್ರಕ್ಕೆ ಹೋದಾಗ ಎಲ್ಲವೂ ಸೋರತೊಡಗಿತು.

ನ್ಯೂಕಮೆನ್ ಪಿಸ್ಟನ್ನಿಗೆ ಸೋರಿಕೆಯ ಚಿಂತೆಯಿರಲಿಲ್ಲ. ಮೇಲೆ ತೊಗಲಿನ ಬಿಲ್ಲೆ, ಅದರ ಮೇಲೆ ಒಂದಿಷ್ಟು ನೀರು ನಿಲ್ಲಿಸಿದರೆ ಮುಗಿಯಿತು. ಸಿಲಿಂಡರ್ ಓರೆಕೋರೆಯಾಗಿದ್ದರೂ ನೀರು ಸಂದು ಮುಚ್ಚುತ್ತಿತ್ತು. ವಾಟ್ ಆ ಉಪಾಯ ಬಳಸುವಂತಿಲ್ಲ, ಮೇಲಿನ ನೀರು ಕೆಳಗಿಳಿದರೆ ಬಿಸಿ ಸಿಲಿಂಡರ್ ತಣಿಯುತ್ತದೆ, ಇಡೀ ಲಾಭ ಹೋಗುತ್ತದೆ. ಒಣಗಿದ ಪಿಸ್ಟನ್ ಗಾಳಿಗಟ್ಟಿಯಾಗಿ ಕೂರಬೇಕಾದರೆ ಸಿಲಿಂಡರ್ ಉರುಟಾಗಿರಬೇಕು, ಮೇಲಿಂದ ಕೆಳತನಕ ಒಂದೇ ಅಳತೆಯಿರಬೇಕು. ಕಿನೀಲ್ ಎಂಬಲ್ಲಿ ಕಟ್ಟಿದ 18 ಇಂಚಿನ ಎಂಜಿನ್ನಿನಲ್ಲಿ ಅದು ಸಿಗಲಿಲ್ಲ. ಬೆಂಡು ತುಂಬಿ, ರಟ್ಟು ತುಂಬಿ, ಎಣ್ಣೆ ಹಚ್ಚಿ ನೋಡಿದ್ದಾಯಿತು. ಕೊನೆಗೆ ನಿಂತದ್ದು ಸೆಣಬಿನಂಥ ನಾರಿನ ಹುರಿಗೆ ಟ್ಯಾಲೋ (ಪ್ರಾಣಿಗಳ ಕೊಬ್ಬು) ಹಚ್ಚಿ ಪಿಸ್ಟನ್ ಸುತ್ತ ಗಟ್ಟಿಯಾಗಿ ಬಿಗಿದ ಪ್ಯಾಕಿಂಗ್. ನೀವು ಹಳೇ ಪಂಪಿನ ಗ್ಲ್ಯಾಂಡಿಗೆ (ದಂಡ ಹೊರಬರುವ ಕಡೆ ಸೋರದಂತೆ ಬಿಗಿಯುವ ಜಾಗಕ್ಕೆ) ಹಾಕುವ ದಾರದ ಹಿರಿಯಜ್ಜ.

ಸಿಲಿಂಡರ್ ಬೋರಿಂಗಿನ ತೊಡಕು ಏನೆಂದರೆ, ಆ ಕಾಲದಲ್ಲಿ ಕಟರ್ ತಲೆ ಒಂದು ಉದ್ದ ದಂಡದ ತುದಿಯಲ್ಲಿ ಜೋತಾಡುತ್ತಿತ್ತು. ಎರಕದಲ್ಲಿ ಬಂದ ರಂಧ್ರ ಹೇಗೆ ವಕ್ರವಾಗಿದೆಯೋ ಹಾಗೇ ಹಿಂಬಾಲಿಸುತ್ತಿತ್ತು. ಮೇಲ್ಮೈ ನುಣುಪಾಗುತ್ತಿತ್ತು, ನೇರವಾಗುತ್ತಿರಲಿಲ್ಲ. ಕಬ್ಬಿಣದ ಕಾರ್ಖಾನೆಯ ಜಾನ್ ವಿಲ್ಕಿನ್ಸನ್ ಫಿರಂಗಿ ಕೊರೆಯಲು 1774ರಲ್ಲಿ ಹೊಸ ಬೋರಿಂಗ್ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಸಿಲಿಂಡರಿಗೆ ಬಂದಾಗ ದಂಡವನ್ನು ಸಿಲಿಂಡರಿನ ಆಚೆಗೂ ಹಾಯಿಸಿ ಎರಡೂ ಕಡೆ ಬೇರಿಂಗ್ ಕೊಟ್ಟ. ನೀವು ಲೈನ್ ಬೋರಿಂಗ್ ಎನ್ನುವುದು ಇದನ್ನೇ. ಟಿಪ್ಟನ್ ಗಣಿಗೆ ಕೊಟ್ಟ 50 ಇಂಚಿನ, ಅಂದರೆ 127 ಸೆಂ.ಮೀ. ವ್ಯಾಸದ ಸಿಲಿಂಡರಿನಲ್ಲಿ ಎಲ್ಲೂ ಹಳೇ ಶಿಲ್ಲಿಂಗ್ ನಾಣ್ಯದ ದಪ್ಪಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲ ಎಂದು ವಾಟ್‌ನ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಹಿಗ್ಗಿನಿಂದ ಬರೆದ. ಇಂದು ನಿಮ್ಮ ಡಯಲ್ ಗೇಜ್ ಮಿಲಿಮೀಟರಿನ ನೂರನೇ ಒಂದು ಭಾಗ ತೋರಿಸುತ್ತದೆ. ಆ ಕಾಲಕ್ಕೆ ನಾಣ್ಯದ ದಪ್ಪವೇ ಪವಾಡ. ವಿಲ್ಕಿನ್ಸನ್ ಇಲ್ಲದಿದ್ದರೆ ವಾಟ್‌ನ ಪೇಟೆಂಟ್ ಕಾಗದವಾಗಿಯೇ ಉಳಿಯುತ್ತಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಂಡೆನ್ಸರ್ ತಾನೂ ಸುಲಭದ್ದಾಗಿರಲಿಲ್ಲ. ಮೊದಲು ತೆಳು ತಗಡಿನ ಸಂದುಗಳ ಸುತ್ತ ತಣ್ಣೀರು ಹರಿಸಿ ನೋಡಿದ; ಬೆಸುಗೆ ಸೋರಿತು. ಆಮೇಲೆ ತಣ್ಣೀರನ್ನು ನೇರವಾಗಿ ಹಬೆಯೊಳಕ್ಕೇ ಚಿಮ್ಮಿಸುವುದಕ್ಕೆ ಬಂದ. ಆದರೆ ನೀರಿನ ಜೊತೆ ಅದರಲ್ಲಿ ಕರಗಿದ ಗಾಳಿಯೂ ಒಳಬರುತ್ತದೆ, ಕೀಲುಗಳಿಂದಲೂ ಗಾಳಿ ನುಸುಳುತ್ತದೆ. ಗಾಳಿ ತಣಿದರೂ ನೀರಾಗುವುದಿಲ್ಲ. ಹೊಡೆತದಿಂದ ಹೊಡೆತಕ್ಕೆ ಸೇರಿಕೊಂಡು ನಿರ್ವಾತವನ್ನು ಕೊಲ್ಲುತ್ತದೆ. ಅದಕ್ಕೇ ಪ್ರತಿ ವಾಟ್ ಎಂಜಿನ್ನಿಗೂ ಗಾಳಿಯನ್ನೂ ನೀರನ್ನೂ ಹೊರಹಾಕುವ ಏರ್ ಪಂಪ್ ಬೇಕೇ ಬೇಕು. ಚಿತ್ರ ಬರೆಯುವ ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವ ಭಾಗ ಇದೇ.

ಉಳಿದ ಕಾರಣ ದುಡ್ಡು ಮತ್ತು ದುಃಖ. ವಾಟ್ ಸಂಸಾರ ಸಾಗಿಸಲು ವರ್ಷಗಟ್ಟಲೆ ಕಾಲುವೆಗಳ ಸರ್ವೆ ಮಾಡಿದ. ವಾಟ್‌ನ ಸಾಲ ತೀರಿಸಿ ಪೇಟೆಂಟಿನ ಮೂರರಲ್ಲಿ ಎರಡು ಪಾಲು ಪಡೆದಿದ್ದ ಜಾನ್ ರೋಬಕ್ 1773ರಲ್ಲಿ ದಿವಾಳಿಯಾದ. ಅದೇ ವರ್ಷ ವಾಟ್‌ನ ಹೆಂಡತಿ ಮಾರ್ಗರೆಟ್ ಹೆರಿಗೆಯಲ್ಲಿ ತೀರಿಕೊಂಡಳು. ರೋಬಕ್‌ನ ಪಾಲು ಬೌಲ್ಟನ್ ಕೈಗೆ ಬಂತು, 1774ರಲ್ಲಿ ವಾಟ್ ಬರ್ಮಿಂಗ್ಹ್ಯಾಮಿಗೆ ಹೋದ, 1775ರಲ್ಲಿ ಪಾರ್ಲಿಮೆಂಟ್ 1769ರ ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು. 1776ರ ಮಾರ್ಚಿನಲ್ಲಿ ಟಿಪ್ಟನ್ನಿನ ಎಂಜಿನ್ ಓಡಿತು.

ಪ್ರಶ್ನೆ: ಎಂಜಿನ್ ಮಾರಿ ವಾಟ್ ಶ್ರೀಮಂತನಾದನೇ? (ಓದುಗರು, ಚಾಮರಾಜಪೇಟೆ)

ಉತ್ತರ: ಶ್ರೀಮಂತನಾದ, ಆದರೆ ಎಂಜಿನ್ ಮಾರಿ ಅಲ್ಲ. 1790ರ ದಶಕದ ನಡುವೆ ಸೋಹೋ ಫೌಂಡ್ರಿ ಕಟ್ಟುವವರೆಗೂ ಬೌಲ್ಟನ್ ಮತ್ತು ವಾಟ್ ಕಂಪನಿ ಇಡೀ ಎಂಜಿನ್ ಮಾಡುತ್ತಲೇ ಇರಲಿಲ್ಲ. ಗಿರಾಕಿ ಸಿಲಿಂಡರನ್ನು ವಿಲ್ಕಿನ್ಸನ್ ಬಳಿ ಕೊಳ್ಳಬೇಕು, ಪಿಸ್ಟನ್ನಿನ ಜೊತೆ ತಕ್ಕಡಿಯಂತೆ ಏರಿಳಿಯುವ ಮರದ ತೊಲೆ, ಕಟ್ಟಡ ಅವನದೇ. ಕಂಪನಿ ಕೊಡುತ್ತಿದ್ದದ್ದು ನಕ್ಷೆ, ವಾಲ್ವ್‌ನಂಥ ನಾಜೂಕು ಭಾಗಗಳು, ಜೋಡಿಸಲು ಒಬ್ಬ ಆಳು. ಶುಲ್ಕ: ಹಳೇ ನ್ಯೂಕಮೆನ್ ಎಂಜಿನ್ನಿಗೆ ಹೋಲಿಸಿ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು. ದಿನಕ್ಕೆ 9 ಟನ್ ಸುಡುತ್ತಿದ್ದ ಕಡೆ 3 ಟನ್ ಸಾಕಾಯಿತು ಎಂದುಕೊಳ್ಳಿ. ಉಳಿದದ್ದು 6, ಕಂಪನಿಗೆ 2 ಟನ್ನಿನ ಬೆಲೆ. ಹೊಡೆತ ಎಣಿಸಲು ತೊಲೆಗೆ ಬೀಗ ಹಾಕಿದ ಕೌಂಟರ್ ಕಟ್ಟುತ್ತಿದ್ದರು. ತವರ ಮತ್ತು ತಾಮ್ರದ ಗಣಿಗಳ ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲು ಇಲ್ಲ, ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕು. ಅಲ್ಲಿ ಈ ಎಂಜಿನ್ನಿಗೆ ಬೇಡಿಕೆ ಹೆಚ್ಚು, ತಿಂಗಳ ಶುಲ್ಕದ ಮೇಲಿನ ಸಿಟ್ಟೂ ಹೆಚ್ಚು. ಜೊನಾಥನ್ ಹಾರ್ನ್‌ಬ್ಲೋವರ್ ಮುಂತಾದವರ ಜೊತೆಗಿನ ಪೇಟೆಂಟ್ ವ್ಯಾಜ್ಯ 1799ರವರೆಗೂ ಎಳೆಯಿತು. ವಾಟ್ 1819ರ ಆಗಸ್ಟ್ 25ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡ.

ಪ್ರಶ್ನೆ: ಬೆಂಗಳೂರು ಎತ್ತರದಲ್ಲಿದೆ. ಆ ಹಳೇ ಎಂಜಿನ್ನುಗಳನ್ನು ಇಲ್ಲಿ ನಿಲ್ಲಿಸಿದ್ದರೆ ಅಷ್ಟೇ ಕೆಲಸ ಮಾಡುತ್ತಿದ್ದವೇ? (ಪದವಿ ವಿದ್ಯಾರ್ಥಿ, ಜಾಲಹಳ್ಳಿ)

ಉತ್ತರ: ಇಷ್ಟು ಒಳ್ಳೆಯ ಪ್ರಶ್ನೆ ಈ ಸಲ ಇನ್ನೊಂದು ಬರಲಿಲ್ಲ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಚದರ ಇಂಚಿಗೆ 14.7 ಪೌಂಡ್ ಅಲ್ಲ, ಸುಮಾರು 13.2, ನೀರು ಕುದಿಯುವುದು 97 ಡಿಗ್ರಿಯಲ್ಲಿ. 50 ಇಂಚಿನ ಪಿಸ್ಟನ್ನಿನ ವಿಸ್ತೀರ್ಣ 1,963 ಚದರ ಇಂಚು. ಇಂಚಿಗೆ ಒಂದೂವರೆ ಪೌಂಡ್ ಕಡಿಮೆಯಾದರೆ ಒಟ್ಟು 2,900 ಪೌಂಡಿನ ಮೇಲೆ, ಅಂದರೆ 1,300 ಕಿಲೋಗೂ ಮೀರಿದ ಒತ್ತು ಕೈತಪ್ಪುತ್ತದೆ. ವಾತಾವರಣವನ್ನೇ ನಂಬಿದ ನ್ಯೂಕಮೆನ್ ಎಂಜಿನ್ನಿಗೆ ಇಲ್ಲಿ ಬೇರೆ ದಾರಿಯಿಲ್ಲ. ಅಷ್ಟೇ ಕೆಲಸಕ್ಕೆ ಅಗಲವಾದ ಸಿಲಿಂಡರ್ ಬೇಕು.

ವಾಟ್ ಎಂಜಿನ್ನಿನ ಕಥೆ ಬೇರೆ. ಹೊರಗಿನ ಗಾಳಿ ಪಿಸ್ಟನ್ನಿನ ಮೇಲೆ ಕೂತರೂ ಸಿಲಿಂಡರ್ ತಣಿಯುತ್ತದೆ ಎಂದು ಆತ ಮೇಲಿನ ಬಾಯಿಗೂ ಮುಚ್ಚಳ ಹಾಕಿ, ಮೇಲಿನಿಂದ ಒತ್ತಲು ಗಾಳಿಯ ಬದಲು ಹಬೆಯನ್ನೇ ಬಿಟ್ಟ. ಹಾಗಾಗಿ ಬೆಂಗಳೂರಿನಲ್ಲಿ ಬಾಯ್ಲರ್ ಒತ್ತಡವನ್ನು ಒಂದೂವರೆ ಪೌಂಡ್ ಏರಿಸಿದರೆ ನಷ್ಟ ತುಂಬಿಹೋಗುತ್ತದೆ. ಉಗಿ ನಿಜವಾಗಿ ದುಡಿಯಲು ಶುರುವಾದದ್ದು ಈ ಮುಚ್ಚಳದಿಂದ. ಕಂಡೆನ್ಸರಿನಷ್ಟೇ ಇದೂ ದೊಡ್ಡ ಹೆಜ್ಜೆ ಎಂದು ನಮಗೆ ತೋರುತ್ತದೆ.

ಇಲ್ಲಿ ಕಾಡುವುದು ತಣ್ಣೀರು. ಕಂಡೆನ್ಸರ್ 40 ಡಿಗ್ರಿಯಲ್ಲಿರಬೇಕು ಎಂದಿಟ್ಟುಕೊಳ್ಳಿ. ಬರ್ಮಿಂಗ್ಹ್ಯಾಮಿನ 10 ಡಿಗ್ರಿ ನೀರಾದರೆ ಒಂದು ಕಿಲೋ ಹಬೆಗೆ ಸುಮಾರು 20 ಕಿಲೋ ಸಾಕು. ನಮ್ಮ ಕೆರೆಯ 25 ಡಿಗ್ರಿ ನೀರಾದರೆ 40 ಕಿಲೋ ಬೇಕು. ಕಂಡೆನ್ಸರ್ ಕೊಳವೆಯೂ ಏರ್ ಪಂಪೂ ಅದಕ್ಕೆ ತಕ್ಕಂತೆ ದೊಡ್ಡದಾಗಬೇಕು.

ಪ್ರಶ್ನೆ: ಸಂಪಿನ ಮೋಟಾರ್ ಮೇಲೆ 1 ಎಚ್‌ಪಿ ಎಂದಿದೆ. ಇದು ನಿಜವಾಗಿ ಒಂದು ಕುದುರೆಯ ಶಕ್ತಿಯೇ? 1,000 ಲೀಟರ್ ಟ್ಯಾಂಕ್ ತುಂಬಲು ಎಷ್ಟು ಹೊತ್ತು ಹಿಡಿಯಬೇಕು? (ಗೃಹಿಣಿ, ವಿಜಯನಗರ)

ಉತ್ತರ: ಗಿರಣಿ ಮಾಲೀಕರು ಕುದುರೆ ಬಿಟ್ಟು ಎಂಜಿನ್ ಕೊಳ್ಳಬೇಕಾದರೆ ಎಷ್ಟು ಕುದುರೆಗೆ ಸಮ ಎಂದು ಹೇಳಬೇಕಿತ್ತು, ಅದಕ್ಕಾಗಿ ವಾಟ್ ಹಾಕಿದ ಲೆಕ್ಕ ಇದು. ಗಾಣದ ಕುದುರೆ 12 ಅಡಿ ತ್ರಿಜ್ಯದ ಸುತ್ತಿನಲ್ಲಿ ಗಂಟೆಗೆ 144 ಸುತ್ತು ಹಾಕುತ್ತದೆ, 180 ಪೌಂಡ್ ಎಳೆಯುತ್ತದೆ. ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡ್, ದುಂಡಗೆ 33,000. ಇದೇ 746 ವಾಟ್. ದಿನವಿಡೀ ಹೀಗೆ ಎಳೆಯಬಲ್ಲ ಕುದುರೆ ಅಪರೂಪ. ಅಳತೆ ಉದಾರವಾಗಿದ್ದರೆ ಗಿರಾಕಿಗೆ ಮೋಸವಾಗದು.

ಟ್ಯಾಂಕ್ ಸಂಪಿನ ನೀರಿನಿಂದ 12 ಮೀಟರ್ ಮೇಲಿದ್ದರೆ 1,000 ಲೀಟರ್ ಎತ್ತುವ ಕೆಲಸ 1,17,720 ಜೂಲ್. 746ರಿಂದ ಭಾಗಿಸಿದರೆ 158 ಸೆಕೆಂಡ್. ಮನೆ ಬಳಕೆಯ ಸಣ್ಣ ಪಂಪು ಶಾಫ್ಟಿನ ಶಕ್ತಿಯಲ್ಲಿ ಶೇ. 35–40 ಭಾಗವನ್ನಷ್ಟೇ ನೀರಿಗೆ ದಾಟಿಸುವುದರಿಂದ ವಾಸ್ತವದಲ್ಲಿ 7–8 ನಿಮಿಷ. 15 ನಿಮಿಷ ಹಿಡಿಯುತ್ತಿದ್ದರೆ ಮೊದಲು ಫುಟ್ ವಾಲ್ವ್ (ಸಂಪಿನಲ್ಲಿ ಮುಳುಗಿದ ಪೈಪಿನ ತುದಿಯ ವಾಲ್ವ್) ನೋಡಿಸಿ: ಕಸ ಸಿಕ್ಕಿ ವಾಲ್ವ್ ಕೂರದಿದ್ದರೆ ರಾತ್ರಿಯಿಡೀ ನೀರು ಸಂಪಿಗೆ ಇಳಿದು ಬೆಳಗ್ಗೆ ಪ್ರೈಮಿಂಗ್ (ಪಂಪಿನಲ್ಲಿ ತುಂಬಿರಬೇಕಾದ ನೀರು) ಹೋಗಿರುತ್ತದೆ. ಆಮೇಲೆ ಸಕ್ಷನ್ ಪೈಪಿನ ಕೀಲು. ಅಲ್ಲಿ ನೀರು ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಪಂಪು ಓಡುವಾಗ ಕೀಲಿನ ಮೇಲೆ ಸೋಪಿನ ನೊರೆ ಹಚ್ಚಿ, ನೊರೆ ಒಳಕ್ಕೆ ಎಳೆದುಕೊಂಡರೆ ಸೋರಿಕೆ ಅಲ್ಲೇ. ಇನ್ನೊಂದು ಮಾತು: ನೀರನ್ನು ಸಕ್ಷನ್ ಪೈಪಿನಲ್ಲಿ ಮೇಲೇರಿಸುವುದು ಗಾಳಿಯ ಒತ್ತಡವೇ. ಬೆಂಗಳೂರಿನಲ್ಲಿ ಲೆಕ್ಕದ ಮಿತಿ ಸುಮಾರು 9.2 ಮೀಟರ್, ಕೈಗೆ ಸಿಗುವುದು 6–7. ಅದಕ್ಕಿಂತ ಆಳದ ಬಾವಿಗೆ ಮೇಲಿಟ್ಟ ಮಾಮೂಲಿ ಪಂಪು, ಎಷ್ಟೇ ಎಚ್‌ಪಿ ಇರಲಿ, ನೀರೆತ್ತದು.

ಪ್ರಶ್ನೆ: ಸೂರ್ಯ-ಗ್ರಹ ಗೇರ್, ಪ್ಯಾರಲಲ್ ಮೋಷನ್, ಗವರ್ನರ್ ಇವುಗಳನ್ನು ಮಾದರಿ ಮಾಡಬೇಕು. ಅಳತೆ ಹೇಳಿ. (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬನಶಂಕರಿ)

ಉತ್ತರ: ತೊಲೆಯ ಏರಿಳಿತವನ್ನು ಚಕ್ರದ ಸುತ್ತಾಗಿಸಲು ಒಂದು ಗೇರಿನ ಸುತ್ತ ಇನ್ನೊಂದನ್ನು ಸುತ್ತಿಸುವ ಸೂರ್ಯ-ಗ್ರಹ ಗೇರ್ ಹುಟ್ಟಿದ್ದೇ, ಅದೇ ಕೆಲಸ ಮಾಡುವ ಕ್ರ್ಯಾಂಕ್ ಬಳಸುವಂತಿಲ್ಲದ್ದರಿಂದ: 1780ರಲ್ಲಿ ಜೇಮ್ಸ್ ಪಿಕಾರ್ಡ್ ಕ್ರ್ಯಾಂಕ್ ಸೇರಿದ ಏರ್ಪಾಟಿಗೆ ಪೇಟೆಂಟ್ ಪಡೆದಿದ್ದ. ಕಂಪನಿಯ ವಿಲಿಯಂ ಮರ್ಡಾಕ್‌ಗೆ ಸಲ್ಲುವ ಈ ಉಪಾಯಕ್ಕೆ 1781ರಲ್ಲಿ ಪೇಟೆಂಟ್ ಆಯಿತು. ಎರಡೂ ಗೇರಿಗೆ ಸಮ ಹಲ್ಲು ಕೊಡಿ. ತೊಲೆ ಒಮ್ಮೆ ಏರಿಳಿದರೆ ಫ್ಲೈವೀಲ್ ಎರಡು ಸುತ್ತು ತಿರುಗುತ್ತದೆ. ಗ್ರಹದ ಗೇರನ್ನು ಕನೆಕ್ಟಿಂಗ್ ರಾಡಿಗೆ ತಿರುಗದಂತೆ ಬಿಗಿಯಬೇಕು, ಅಲ್ಲಿ ಸಡಿಲ ಬಿಟ್ಟರೆ ಮಾದರಿ ಕೆಲಸ ಮಾಡದು.

ಪ್ಯಾರಲಲ್ ಮೋಷನ್ ಬಂದದ್ದು 1784ರಲ್ಲಿ. ಹಳೇ ಎಂಜಿನ್ ಎಳೆಯುತ್ತಿತ್ತಷ್ಟೆ, ಸರಪಳಿ ಸಾಕಿತ್ತು. 1782ರ ಡಬಲ್ ಆ್ಯಕ್ಟಿಂಗ್ (ಪಿಸ್ಟನ್ನಿನ ಎರಡೂ ಕಡೆಯಿಂದ ಸರದಿಯಂತೆ ಹಬೆ ಒತ್ತುವ) ಎಂಜಿನ್ ತೊಲೆಯನ್ನು ತಳ್ಳಲೂ ಬೇಕಿತ್ತು, ಸರಪಳಿ ತಳ್ಳಲಾರದು. ನೇರ ಹೋಗುವ ಪಿಸ್ಟನ್ ರಾಡನ್ನು ಕಮಾನಿನಲ್ಲಿ ತೂಗುವ ತೊಲೆಗೆ ಕೂಡಿಸುವುದು ಹೇಗೆ? ಇದರ ಮೂಲ ರೂಪವನ್ನು ರಟ್ಟಿನಲ್ಲೇ ಮಾಡಬಹುದು: 20 ಸೆಂ.ಮೀ.ನ ಎರಡು ಪಟ್ಟಿ, 10 ಸೆಂ.ಮೀ.ನ ಒಂದು. ಹಲಗೆಯ ಮೇಲೆ ಎರಡು ಮೊಳೆ, ಅಡ್ಡಕ್ಕೆ 40 ಸೆಂ.ಮೀ., ಎತ್ತರದಲ್ಲಿ 10 ಸೆಂ.ಮೀ. ಅಂತರ. ಉದ್ದ ಪಟ್ಟಿಗಳನ್ನು ಮೊಳೆಗಳಿಂದ ಎದುರುಬದುರು ಚಾಚಿ, ತುದಿಗಳನ್ನು ಚಿಕ್ಕ ಪಟ್ಟಿಯಿಂದ ಸೇರಿಸಿ, ಅದರ ನಟ್ಟನಡುವೆ ಪೆನ್ಸಿಲ್ ತೂರಿಸಿ. ನಡುವಿನ 10 ಸೆಂ.ಮೀ. ಓಟದಲ್ಲಿ ಗೆರೆ ಕಾಲು ಮಿಲಿಮೀಟರೂ ಬಾಗುವುದಿಲ್ಲ. ಬಾಗಿದರೆ ಪೆನ್ಸಿಲ್ ರಂಧ್ರ ಮಧ್ಯದಲ್ಲಿಲ್ಲ, ಇಲ್ಲವೇ ಮೊಳೆಯ ತೂತು ದೊಡ್ಡದಾಗಿದೆ ಎಂದರ್ಥ. ತನ್ನ ಯಾಂತ್ರಿಕ ಆವಿಷ್ಕಾರಗಳಲ್ಲಿ ವಾಟ್‌ಗೆ ಅತಿ ಹೆಮ್ಮೆಯದು ಇದೇ ಆಗಿತ್ತು. ಗೆರೆ ಎಳೆದು ನೋಡಿದರೆ ಯಾಕೆಂದು ತಿಳಿಯುತ್ತದೆ.

ವೇಗ ಹೆಚ್ಚಿದಾಗ ತಿರುಗುವ ಗುಂಡುಗಳು ಮೇಲೇರಿ ಹಬೆಯ ವಾಲ್ವನ್ನು ಕಿರಿದಾಗಿಸುವ ಗವರ್ನರ್ ಅವನ ಸೃಷ್ಟಿಯಲ್ಲ, ಗಾಳಿಗಿರಣಿಗಳಲ್ಲಿ ಇದ್ದದ್ದನ್ನು 1788ರಲ್ಲಿ ಎಂಜಿನ್ನಿಗೆ ತಂದ. ನಿಮಿಷಕ್ಕೆ 60 ಸುತ್ತಿನಲ್ಲಿ ಗುಂಡುಗಳು ತೂಗುಬಿಂದುವಿನಿಂದ ಸುಮಾರು 25 ಸೆಂ.ಮೀ. ಕೆಳಗೆ ನಿಲ್ಲುತ್ತವೆ; 66 ಸುತ್ತಿಗೆ 20.5. ಅಂದರೆ ವಾಲ್ವ್ ತಿರುಗಿಸಲು 4 ಸೆಂ.ಮೀ.ಗೂ ಮೀರಿದ ಚಲನೆ ಸಿಗುತ್ತದೆ. 120ರಿಂದ 132ಕ್ಕೆ ಏರಿದರೆ ಸಿಗುವುದು ಬರೀ ಒಂದು ಸೆಂ.ಮೀ. ಆದ್ದರಿಂದ ಮಾದರಿಯನ್ನು ನಿಧಾನ ತಿರುಗಿಸಿ, ಕೊನೆಯ ಪಕ್ಷ 30 ಸೆಂ.ಮೀ. ತೋಳು ಕೊಡಿ. ಗುಂಡಿನ ತೂಕ ಎಷ್ಟಿದ್ದರೂ ಎತ್ತರ ಬದಲಾಗುವುದಿಲ್ಲ, ಆದರೆ ತೀರಾ ಹಗುರಾದರೆ ಕೀಲಿನ ತಿಕ್ಕಾಟವನ್ನು ಗೆಲ್ಲಲಾರದು.

ಪ್ರಶ್ನೆ: ಪ್ರೆಶರ್ ಕುಕ್ಕರಿಗೆ ತಾಮ್ರದ ಕೊಳವೆ ಜೋಡಿಸಿ ಉಗಿ ಎಂಜಿನ್ ಮಾಡಬೇಕೆಂದು ಎಂಟನೇ ತರಗತಿಯ ಮಗ ಹಟ ಹಿಡಿದಿದ್ದಾನೆ. ಮಾಡಿಸಬಹುದೇ? (ಪೋಷಕರು, ರಾಜಾಜಿನಗರ)

ಉತ್ತರ: ಬೇಡ. ಕುಕ್ಕರಿನ ವೆಯ್ಟ್ ಮತ್ತು ಸುರಕ್ಷತಾ ವಾಲ್ವ್ ಅನ್ನಕ್ಕೆ ಲೆಕ್ಕ ಹಾಕಿದ್ದು. ವೆಯ್ಟ್ ತೆಗೆದು ಕೊಳವೆ ಬೆಸೆದರೆ ಒತ್ತಡ ಬಿಡುವ ದಾರಿಯನ್ನೇ ಮುಚ್ಚಿದಂತೆ. ಕೊಳವೆಯಲ್ಲಿ ಏನಾದರೂ ಸಿಕ್ಕಿ ಮುಚ್ಚಿಕೊಂಡರೆ ಮುಚ್ಚಳ ಹಾರುತ್ತದೆ, ಒಳಗೆ 100 ಡಿಗ್ರಿಗೂ ಮೀರಿದ ನೀರು ಒಂದೇ ಸಲ ಹಬೆಯಾಗುತ್ತದೆ. ಹೆಚ್ಚಿನ ಒತ್ತಡದ ಹಬೆಯನ್ನು ವಾಟ್ ಜೀವನಪೂರ್ತಿ ದೂರ ಇಟ್ಟ. 1804ರಲ್ಲಿ ರಿಚರ್ಡ್ ಟ್ರೆವಿಥಿಕ್ ಅದೇ ಹಬೆಯಿಂದ ಹಳಿಯ ಮೇಲೆ ಗಾಡಿ ಓಡಿಸಿದ ಎನ್ನುವುದು ನಿಜ, ಆದರೆ ಅಂದಿನ ಬಾಯ್ಲರ್ ತಗಡಿನ ಬಗ್ಗೆ ವಾಟ್‌ನ ಭಯವೂ ನಿಜವೇ. ಮಗನಿಗೆ ಪಿಸ್ಟನ್ ಓಡಿಸುವ ಆಸೆಯಿದ್ದರೆ ಸೈಕಲ್ ಪಂಪಿನ ಗಾಳಿಯಿಂದ ಓಡಿಸಲಿ. ಹಬೆಯೇ ಬೇಕೆಂದರೆ ಈ ಎರಡು ಪ್ರಯೋಗ, ದೊಡ್ಡವರು ಪಕ್ಕದಲ್ಲಿರಲಿ, ಕಣ್ಣಿಗೆ ಕನ್ನಡಕ ಇರಲಿ.

ಮೊದಲನೆಯದು ನ್ಯೂಕಮೆನ್ನನ ತತ್ವ. ಖಾಲಿ ಅಲ್ಯುಮಿನಿಯಂ ತಂಪುಪಾನೀಯದ ಡಬ್ಬಿಗೆ ಒಂದು ದೊಡ್ಡ ಚಮಚ, 15 ಮಿ.ಲೀ. ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಬಾಯಿಂದ ಹಬೆ ಜೋರಾಗಿ ಬರತೊಡಗಿದ ಮೇಲೂ ಪೂರ್ತಿ ಒಂದು ನಿಮಿಷ ಬಿಡಿ. ಇಕ್ಕಳದಲ್ಲಿ ಹಿಡಿದು, ತಣ್ಣೀರಿನ ಬೋಗುಣಿಗೆ ಬಾಯಿ ಕೆಳಗಾಗುವಂತೆ ಚಟಕ್ಕನೆ ಮಗುಚಿ. ಡಬ್ಬಿ ಪಟ್ಟೆಂದು ಮುದುಡುತ್ತದೆ. ಪಕ್ಕದ ಗೋಡೆ ಸುಮಾರು 238 ಚದರ ಸೆಂ.ಮೀ., ಬೆಂಗಳೂರಿನ ಗಾಳಿ ಚದರ ಸೆಂಟಿಮೀಟರಿಗೆ 0.92 ಕಿಲೋ, ಸುತ್ತಲಿಂದ ಒಟ್ಟು 220 ಕಿಲೋ ಅದುಮುವ ಬಲ. ಮುದುಡದಿದ್ದರೆ ಕಾರಣ ಸಾಮಾನ್ಯವಾಗಿ ಅವಸರ: ಒಳಗಿನ ಗಾಳಿ ಹೊರಹೋಗಿಲ್ಲ. ಬಾಯಿ ನೀರಿನೊಳಗೆ ಮುಳುಗದಿದ್ದರೂ ಗಾಳಿ ಒಳನುಗ್ಗುತ್ತದೆ. ನೀರು ಪೂರ್ತಿ ಆರುವವರೆಗೆ ಬಿಡಬೇಡಿ, ಬಣ್ಣ ಸುಟ್ಟು ಹೊಗೆ ಬರುತ್ತದೆ.

ಎರಡನೆಯದು ವಾಟ್‌ನದು, ಶಾಲೆಯ ಲ್ಯಾಬಿನಲ್ಲಿ ಮಾಡಿಸಿ. 500 ಮಿ.ಲೀ. ಕೋನಾಕಾರದ ಫ್ಲಾಸ್ಕಿನಲ್ಲಿ ಅರ್ಧ ನೀರು, ಎರಡು ತೂತಿನ ಬಿರಡೆ. ಒಂದು ತೂತಿನಲ್ಲಿ ಬಾಗಿದ ಗಾಜಿನ ಕೊಳವೆ, ಹಬೆ ಹೊರಬರಲು. ಇನ್ನೊಂದರಲ್ಲಿ ಎರಡಡಿ ಉದ್ದದ ನೇರ ಕೊಳವೆ, ಅದರ ಕೆಳತುದಿ ನೀರಿನಲ್ಲಿ ಮುಳುಗಿರಬೇಕು. ಒತ್ತಡ ಏರಿದರೆ ನೀರು ಅದರೊಳಗೆ ಮೇಲೇರಿ ಎಚ್ಚರಿಸುತ್ತದೆ. ಬೇರೆ ಪಾತ್ರೆಯಲ್ಲಿ ಸರಿಯಾಗಿ 500 ಗ್ರಾಂ ನೀರು ತೂಗಿ, 25 ಡಿಗ್ರಿಯಲ್ಲಿ ಶುರು ಮಾಡಿ, ಹಬೆಯನ್ನು ಅದರೊಳಕ್ಕೆ ಬಿಡಿ. 65 ಡಿಗ್ರಿ ಮುಟ್ಟಿದ ಕೂಡಲೇ ಕೊಳವೆ ತೆಗೆದು ಮತ್ತೆ ತೂಗಿ. ಲೆಕ್ಕದಂತೆ 35 ಗ್ರಾಂ ಏರಿರಬೇಕು. ಸಾಮಾನ್ಯವಾಗಿ 37–40 ಬರುತ್ತದೆ, ಯಾಕೆಂದರೆ ಕೊಳವೆಯಲ್ಲೇ ತಣಿದ ಹನಿಗಳು ಜೊತೆಗೆ ಬೀಳುತ್ತವೆ, ಪಾತ್ರೆಯೂ ಶಾಖ ನುಂಗುತ್ತದೆ. ಕೊಳವೆಗೆ ಬಟ್ಟೆ ಸುತ್ತಿದರೆ ತಪ್ಪು ಕಡಿಮೆ. ಉರಿ ಆರಿಸುವ ಮೊದಲೇ ಕೊಳವೆಯನ್ನು ನೀರಿನಿಂದ ಹೊರತೆಗೆಯಿರಿ; ಇಲ್ಲದಿದ್ದರೆ ಫ್ಲಾಸ್ಕ್ ತಣಿಯುತ್ತಾ ತಣ್ಣೀರನ್ನು ಹಿಂದಕ್ಕೆ ಎಳೆದುಕೊಂಡು ಬಿಸಿ ಗಾಜು ಬಿರಿಯಬಹುದು. 35 ಗ್ರಾಂ ಹಬೆ ಅರ್ಧ ಲೀಟರ್ ನೀರನ್ನು 40 ಡಿಗ್ರಿ ಏರಿಸಿತಲ್ಲ, ಅದೇ 35 ಗ್ರಾಂ ಕುದಿಯುವ ನೀರು ಸುರಿದರೆ ಎಷ್ಟು ಏರುತ್ತದೆ ಎಂದು ಮಗನೇ ಅಳೆಯಲಿ. ಐದು ಡಿಗ್ರಿಯೂ ಏರದು.

ಪ್ರಶ್ನೆ: ಬೆಂಗಳೂರಿನಲ್ಲಿ ಉಗಿ ಯುಗದ ಗುರುತು ಎಲ್ಲಿದೆ? ವಾಟ್‌ನ ಕಂಡೆನ್ಸರ್ ಈಗ ಯಾರಿಗೆ ಬೇಕು? (ನಿವೃತ್ತರು, ಮಲ್ಲೇಶ್ವರ)

ಉತ್ತರ: 1864ರಲ್ಲಿ ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ ರೈಲು ಬಂತು. 1884ರಲ್ಲಿ ಬಟ್ಟೆ ಗಿರಣಿಗಳು ಶುರುವಾದವು. 1890ರ ದಶಕದಲ್ಲಿ ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಯಿಂದ ಊರಿಗೆ ಎತ್ತಿದ್ದು ಉಗಿ ಪಂಪುಗಳು. ನಿಮ್ಮ ಮಲ್ಲೇಶ್ವರದ ಕಡೆಗೇ ಆ ನೀರು ಬಂದದ್ದು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಉಗಿಯ ಕಾಲ ಇಳಿಯತೊಡಗಿತು. ಎಂಜಿನ್ನುಗಳ ಒಳಗನ್ನು ನೋಡಲು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಎಂಜಿನ್ ಹಾಲ್‌ಗೆ ಹೋಗಿ, ಮೊಮ್ಮಕ್ಕಳನ್ನೂ ಕರೆದೊಯ್ಯಿರಿ. ವಾಟ್ ಕಾಲದ ಅಸಲಿ ಎಂಜಿನ್ ನೋಡಬೇಕಾದರೆ ದೂರ ಹೋಗಬೇಕು: 1779ರ ಸ್ಮೆಥಿಕ್ ಎಂಜಿನ್ ಬರ್ಮಿಂಗ್ಹ್ಯಾಮಿನಲ್ಲಿದೆ, 1785ರ ವಿಟ್‌ಬ್ರೆಡ್ ಎಂಜಿನ್ ಸಿಡ್ನಿಯ ಪವರ್‌ಹೌಸ್ ಸಂಗ್ರಹದಲ್ಲಿದೆ.

ಕಂಡೆನ್ಸರ್ ಬೇಕಿರುವುದು ನಿಮಗೇ. 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಸ್ಥಾವರದಲ್ಲಿ ಪಿಸ್ಟನ್ ಬದಲು ಟರ್ಬೈನ್ ಇದೆ, ಅದರ ಬುಡದಲ್ಲಿ ಇರುವುದು ಕಂಡೆನ್ಸರೇ. ವಾಟ್ ಬೆಸುಗೆ ಸೋರಿತೆಂದು ಕೈಬಿಟ್ಟ ತೆಳುಗೋಡೆಯ ಬಗೆಯೇ ಈಗ ಸಾವಿರಾರು ಕೊಳವೆಗಳಾಗಿ ಮರಳಿದೆ. ಕೊಳವೆಗಳೊಳಗೆ ತಂಪು ನೀರು ಹರಿಯುತ್ತದೆ, ಹೊರಗೆ ಹಬೆ ಸುಮಾರು 45 ಡಿಗ್ರಿಯಲ್ಲಿ, ವಾತಾವರಣದ ಹತ್ತನೇ ಒಂದು ಭಾಗದಷ್ಟು ಒತ್ತಡದಲ್ಲಿ ನೀರಾಗುತ್ತದೆ. ಅಲ್ಲೂ ಗಾಳಿ ನುಸುಳುತ್ತದೆ, ಅಲ್ಲೂ ಅದನ್ನು ಎಳೆದು ಹಾಕಲು ಪಂಪು ಬೇಕು. ನಿರ್ವಾತ ಇಳಿದರೆ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಲ್ಲಿದ್ದಲು ಸುಡುತ್ತದೆ; ಆಗ ಅಲ್ಲಿನ ಸಿಬ್ಬಂದಿ ಮೊದಲು ನೋಡುವುದು ಮೂರನ್ನು: ತಂಪು ನೀರು ಎಷ್ಟು ಡಿಗ್ರಿಯಲ್ಲಿ ಬರುತ್ತಿದೆ, ಕೊಳವೆಗಳ ಒಳಗೆ ಪಾಚಿ, ಲವಣದ ಪದರ ಕಟ್ಟಿದೆಯೇ, ಟರ್ಬೈನಿನ ಗ್ಲ್ಯಾಂಡಿನಲ್ಲಿ ಗಾಳಿ ಎಳೆಯುತ್ತಿದೆಯೇ.